ಓದುಗರ ಪ್ರಶ್ನೆ: ವೇದಿಕೆಯ ಮೇಲೆ ಹಿಮ

ಪ್ರಶ್ನೆ: ಬ್ರಿಟನ್ನಿನ ವೈಜ್ಞಾನಿಕ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ 2005ರ ಕ್ರಿಸ್ಮಸ್ ವಿಶೇಷ ಕಂತಿನ ಹಿಮ ನಿಜವೇ? ಶಾಲಾ ನಾಟಕದಲ್ಲಿ ಬೀಳಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಲ್ಲಿಯ ಹಿಮ! ಚಿತ್ರೀಕರಣ ನಡೆದದ್ದೇ ಕಾರ್ಡಿಫ್‌ನ ಬೇಸಿಗೆಯಲ್ಲಿ. ಕಥೆಯಲ್ಲೂ ಅದು ಸ್ಫೋಟಗೊಂಡ ಆಕಾಶನೌಕೆಯ ಬೂದಿ. ಇಂಥ ದೃಶ್ಯಗಳಿಗೆ ಸಾಮಾನ್ಯವಾಗಿ ಕಾಗದದ ಚೂರು ಇಲ್ಲವೇ ನೊರೆ ಬಳಸುತ್ತಾರೆ. ನೊರೆಯಿಂದ ವೇದಿಕೆ ಜಾರುತ್ತದೆ, ಬೇಡ. ಬಿಳಿ ಟಿಶ್ಯೂ ಕಾಗದವನ್ನು ಅರ್ಧ ಸೆಂ.ಮೀ. ಚೂರು ಮಾಡಿ. ಹಳೆಯ ಪಂಚೆಯ ಒಂದು ಬದಿಯಲ್ಲಷ್ಟೇ ಎರಡು ಬೆರಳಗಲದ ಸೀಳುಗಳನ್ನು ಕೊಟ್ಟು, ಜೋಲಿಯಂತೆ ಮೇಲೆ ಕಟ್ಟಿ. ಸೀಳಿಲ್ಲದ ಬದಿಯಲ್ಲಿ ಚೂರು ತುಂಬಿ, ಸೀಳಿನ ಅಂಚಿನ ಹಗ್ಗವನ್ನು ಮೆಲ್ಲಗೆ ಇಳಿಸಿ ಎತ್ತುತ್ತಿದ್ದರೆ ಉದುರುತ್ತದೆ. ಮಲೆನಾಡಿನ ಇಬ್ಬನಿಗೆ ಚೂರು ಮುದ್ದೆಗಟ್ಟಿ ಸೀಳಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲಲ್ಲಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಗುಡಿಸಿದ್ದನ್ನು ಮತ್ತೆ ತುಂಬಬೇಡಿ, ಗುಂಡುಪಿನ್ನು, ಧೂಳು ಮಕ್ಕಳ ಕಣ್ಣಿಗೆ ಬಿದ್ದೀತು.