ಮ್ಯಾಗ್ನಿಫೈಯರ್ ಹಾಕಿದರೆ ಪರದೆಯೇ ಓಡುತ್ತದೆ!

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಅಪ್ಪನಿಗೆ 67 ವರ್ಷ, ರೇಷ್ಮೆ ಗೂಡಿನ ಲೆಕ್ಕವನ್ನು ಈಗಲೂ ಅವರೇ ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ಈಚೆಗೆ ಕಣ್ಣು ಮಂಜು. ಮೊನ್ನೆ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿಯೂ 68 ಕೆಜಿಯನ್ನು 88 ಅಂತ ಓದಿಬಿಟ್ಟರು. ಪರದೆಯನ್ನು ದೊಡ್ಡದಾಗಿ ತೋರಿಸುವ ವಿಂಡೋಸ್ 11ರ ಮ್ಯಾಗ್ನಿಫೈಯರ್ ಹಾಕಿಕೊಟ್ಟೆ. ಒಂದೇ ಸಲಕ್ಕೆ ಎಲ್ಲ ದುಪ್ಪಟ್ಟಾಗುತ್ತೆ, ಮೌಸ್ ಅಲ್ಲಾಡಿಸಿದರೆ ಪರದೆಯೇ ಓಡುತ್ತೆ, ತಲೆ ಸುತ್ತುತ್ತೆ ಅಂತ ಆಫ್ ಮಾಡಿಸಿದರು. ಏನು ಮಾಡಲಿ?
– ಓದುಗಿ, ಶಿಡ್ಲಘಟ್ಟ

ಉತ್ತರ: ಮೊದಲು ಅವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದಿದ್ದರೆ ಯಾವ ಸೆಟ್ಟಿಂಗೂ ಅದಕ್ಕೆ ಮದ್ದಲ್ಲ.

ಇನ್ನು ಕಂಪ್ಯೂಟರ್ ವಿಷಯ. ಬರೀ ಲೆಕ್ಕದ ಹಾಳೆಗಾದರೆ ಮ್ಯಾಗ್ನಿಫೈಯರ್ ಬೇಕಾಗಿಯೇ ಇಲ್ಲ. ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಎಕ್ಸೆಲ್ 400% ತನಕ ದೊಡ್ಡದಾಗುತ್ತದೆ. ಆಗ ಕೆಳಗೆ ಹೋದಂತೆ ಮೇಲಿನ ತಲೆಬರಹದ ಸಾಲು ಮರೆಯಾಗಿ ಯಾವುದು ತೂಕ, ಯಾವುದು ದರ ಅಂತ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ ವ್ಯೂ ಮೆನುವಿನ ಫ್ರೀಜ್ ಪೇನ್ಸ್‌ಗೆ ಹೋಗಿ ಮೊದಲ ಸಾಲನ್ನು ನಿಲ್ಲಿಸಿಬಿಡಿ. ಮೆನು, ಫೈಲ್ ಹೆಸರುಗಳ ಅಕ್ಷರಕ್ಕೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಇದೆ, 225% ತನಕ ಏರಿಸಬಹುದು.

ಅದೂ ಸಾಲದಿದ್ದರೆ ಮ್ಯಾಗ್ನಿಫೈಯರ್. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಶುರು, ಅದೇ ಕೀ ಜೊತೆ ಎಸ್ಕೇಪ್ ಒತ್ತಿದರೆ ಬಂದ್. ಒಂದೇ ಏಟಿಗೆ ದುಪ್ಪಟ್ಟಾಗುವುದು ಅದರ ಹೆಜ್ಜೆ 100% ಇರುವುದರಿಂದ. ಮ್ಯಾಗ್ನಿಫೈಯರ್ ಸೆಟ್ಟಿಂಗ್‌ನಲ್ಲಿ ಜೂಮ್ ಇನ್‌ಕ್ರಿಮೆಂಟ್ ಅಂತ ಇರುತ್ತದೆ, ಅದನ್ನು 25%ಗೆ ಇಳಿಸಿ. ಪರದೆ ಓಡುವುದಕ್ಕೂ ಅಲ್ಲೇ ಪರಿಹಾರವಿದೆ. ಬಾಣದ ಗುರುತು ಸದಾ ನಡುವೆ ಇರಬೇಕೋ, ಅಂಚಿನೊಳಗೆ ಓಡಾಡಬೇಕೋ ಎಂದು ಕೇಳುವ ಕಡೆ ಅಂಚಿನದನ್ನು ಆರಿಸಿ. ಆಗ ಬಾಣ ಅಂಚಿಗೆ ಮುಟ್ಟಿದಾಗ ಮಾತ್ರ ಪರದೆ ಸರಿಯುತ್ತದೆ. ಅದಕ್ಕೂ ತಲೆ ಸುತ್ತಿದರೆ ಕಂಟ್ರೋಲ್, ಆಲ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿ. ದೊಡ್ಡ ಅಕ್ಷರದ ಪಟ್ಟಿಯೊಂದು ಮೇಲ್ಗಡೆ ನಿಲ್ಲುತ್ತದೆ, ಕೆಳಗಿನ ಪರದೆ ಅಲುಗಾಡುವುದಿಲ್ಲ. ನಿಮ್ಮ ತಂದೆಯವರಿಗೆ ಇದೇ ಹಿಡಿಸಬಹುದು ಅನ್ನಿಸುತ್ತದೆ.

ಪರದೆಯ ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಸಂಖ್ಯೆ) ಮಾತ್ರ ಇಳಿಸಬೇಡಿ. ಅಕ್ಷರ ದಪ್ಪಗಾಗುತ್ತದೆ ನಿಜ, ಆದರೆ ಅಂಚು ಮಸುಕಾಗಿ 6, 8 ಇನ್ನೂ ಜಾಸ್ತಿ ಒಂದೇ ಥರ ಕಾಣುತ್ತವೆ.

ಎಷ್ಟು ದೊಡ್ಡದು ಮಾಡಬೇಕೆಂದು ನೀವು ತೀರ್ಮಾನಿಸಬೇಡಿ. ಎಕ್ಸೆಲ್ ಹಾಳೆಯಲ್ಲಿ 68, 86, 88, 66 ಅಂತ ಬರೆದು, ಅವರನ್ನು ಕುರ್ಚಿಗೆ ಒರಗಿಸಿ ಕೂರಿಸಿ, 25% ಹೆಜ್ಜೆಯಲ್ಲಿ ಏರಿಸುತ್ತಾ ಓದಿಸಿ. ಬೆನ್ನು ಮುಂದಕ್ಕೆ ಬಾಗದೆ ನಾಲ್ಕನ್ನೂ ಸರಿಯಾಗಿ ಓದಿದರಲ್ಲ, ಅಲ್ಲಿಗೆ ನಿಲ್ಲಿಸಿ.