ಪೈಮಾಲ್‌ನಲ್ಲಿ ಒಮ್ಮೆ ಸಿಕ್ಕ ಕೋನವನ್ನು ಉಳಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹಿಮೋಗ್ಲೋಬಿನ್‌ನ ಹೀಮ್ (ನಡುವೆ ಕಬ್ಬಿಣ ಇರುವ, ಆಮ್ಲಜನಕ ಹಿಡಿಯುವ ಭಾಗ) ಅಡ್ಡಲಾಗಿ ಕಾಣುವ ಹಾಗೆ, ಅಣುಗಳ ರಚನೆ ತೋರಿಸುವ ಸಾಫ್ಟ್‌ವೇರ್ ಪೈಮಾಲ್‌ನಲ್ಲಿ ಒಂದು ಒಳ್ಳೆಯ ಚಿತ್ರ ತೆಗೆದಿದ್ದೀರಿ. ಗೈಡ್ ನೋಡಿ "ಬಣ್ಣ ಮಾತ್ರ ಬದಲಿಸಿ, ಕೋನ ಹಾಗೇ ಇರಲಿ" ಅಂದಿದ್ದಾರೆ. ನಿಮ್ಮ ಹತ್ತಿರ ಉಳಿದಿರುವುದು ಪಿಎನ್‌ಜಿ ಚಿತ್ರವೊಂದೇ. ಎರಡು ದಿನದಿಂದ ಮೌಸ್ ಎಳೆದೂ ಎಳೆದೂ ಕೈ ಸೋತಿದೆ, ಆ ಕೋನ ಬರುತ್ತಿಲ್ಲ.

ನಾನೂ ಇದೇ ಹೊಂಡದಲ್ಲಿ ಬಿದ್ದು ಎದ್ದವನು, ಹಾಗಾಗಿ ನೇರ ಹೇಳಿಬಿಡುತ್ತೇನೆ. ಪಿಎನ್‌ಜಿಯಿಂದ ಕೋನವನ್ನು ವಾಪಸ್ ತೆಗೆಯಲು ಆಗುವುದಿಲ್ಲ, ಅದು ಬರೀ ಚಿತ್ರ. ಆದರೆ ನಿಮ್ಮ ಅದೃಷ್ಟಕ್ಕೆ ಹೀಮ್ ಚಪ್ಪಟೆಯಾದ ವಸ್ತು, ಹೆಚ್ಚುಕಡಿಮೆ ಒಂದು ಚಪಾತಿ. ಅದರಿಂದಲೇ ದಾರಿ ಇದೆ. (ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ. ಚೈನ್‌ನ ಹೆಸರು ಎ, ಆಮೇಲೆ ಬರುವ ಎಫ್1, ಇವೆರಡು ಮಾತ್ರ ದೊಡ್ಡಕ್ಷರ.)

ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಿಂದ 4ಎಚ್‌ಎಚ್‌ಬಿ ತೆರೆಯಿರಿ. ಇದು ಆಮ್ಲಜನಕ ಹಿಡಿಯದ ಮನುಷ್ಯ ಹಿಮೋಗ್ಲೋಬಿನ್‌ನ ರಚನೆ, ರೆಸಲ್ಯೂಷನ್ 1.74 ಆಂಗ್‌ಸ್ಟ್ರಾಮ್. ಆಮೇಲೆ "ಓರಿಯೆಂಟ್ ಚೈನ್ ಎ ಅಂಡ್ ರೆಸ್‌ಎನ್ ಎಚ್‌ಇಎಂ" ಎಂದು ಕೊಡಿ, ಅಂದರೆ ನಾಲ್ಕು ಪ್ರೋಟೀನ್ ಸರಪಣಿಗಳಲ್ಲಿ (ಚೈನ್) ಎ ಎಂಬುದರ ಹೀಮ್ ಮಾತ್ರ. ಓರಿಯೆಂಟ್ ಮಾಡುವ ಕೆಲಸ ಸರಳ: ಆಯ್ದ ಪರಮಾಣುಗಳ ಗುಂಪು ಯಾವ ದಿಕ್ಕಿನಲ್ಲಿ ಉದ್ದವೋ ಅದನ್ನು ಪರದೆಯ ಅಡ್ಡಕ್ಕೆ, ಯಾವ ದಿಕ್ಕಿನಲ್ಲಿ ತೆಳುವೋ ಅದನ್ನು ನಿಮ್ಮ ಕಣ್ಣಿನ ಕಡೆಗೆ ಇಡುತ್ತದೆ. ಹೀಗಾಗಿ ಚಪಾತಿ ಪೂರ್ತಿ ಮುಖ ತೋರಿಸಿ ನಿಲ್ಲುತ್ತದೆ. ಈಗ "ಟರ್ನ್ ಎಕ್ಸ್, 90". ಚಪಾತಿ ಅಂಚಿನಿಂದ ಕಾಣುತ್ತದೆ, ಒಂದು ಗೆರೆಯ ಹಾಗೆ. ಕಬ್ಬಿಣದ ಪರಮಾಣು ಆ ಗೆರೆಯಿಂದ ಸುಮಾರು 0.4 ಆಂಗ್‌ಸ್ಟ್ರಾಮ್ ಆಚೆ, ಅದೇ ಸರಪಣಿಯ 87ನೇ ಅಮೈನೋ ಆಮ್ಲವಾದ ಹಿಸ್ಟಿಡಿನ್ ಕಡೆಗೆ ಉಬ್ಬಿಕೊಂಡಿರುತ್ತದೆ. ನಿಮ್ಮ ಗೈಡ್‌ಗೆ ಆ ಕೋನ ಇಷ್ಟವಾದದ್ದು ಬಹುಶಃ ಇದಕ್ಕೇ. ಹಿಸ್ಟಿಡಿನ್ ಮೇಲೆ ಬೇಕಾದಾಗ ಕೆಳಗೆ ಬಂದಿದ್ದರೆ "ಟರ್ನ್ ಝಡ್, 180". ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಐದೈದು ಡಿಗ್ರಿ ಸರಿಸಿದರೆ ಹತ್ತು ನಿಮಿಷದಲ್ಲಿ ಮುಟ್ಟುತ್ತೀರಿ. ಇಂಥ ಹೊಂದಾಣಿಕೆಗೆ ಮೌಸ್ ಬೇಡ. ಮೌಸ್ ಎಳೆತಕ್ಕೆ ಲೆಕ್ಕ ಇಲ್ಲ, ಟರ್ನ್‌ಗೆ ಇದೆ.

ಕೋನ ಬಂತಲ್ಲ, ಮೌಸ್ ಮುಟ್ಟುವ ಮೊದಲೇ "ಗೆಟ್_ವ್ಯೂ" ಎಂದು ಹೊಡೆಯಿರಿ. ಮೇಲಿನ ಬಟನ್‌ಗಳ ಸಾಲಿನಲ್ಲೂ ಅದು ಇದೆ, ಒತ್ತಿದರೆ ನೇರ ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. "ಸೆಟ್_ವ್ಯೂ" ಎಂದು ಶುರುವಾಗುವ 18 ಅಂಕಿಗಳ ಒಂದು ತುಂಡು ಸಿಗುತ್ತದೆ. ನಿಮ್ಮ ಕೋನ ಅಂದರೆ ಅಷ್ಟೇ, ಆ 18 ಅಂಕಿ. ಅದನ್ನು ಒಂದು ಟೆಕ್ಸ್ಟ್ ಫೈಲಿಗೆ ಅಂಟಿಸಿ, ಮೇಲೆ ಒಂದು ಸಾಲು ಟಿಪ್ಪಣಿ ಬರೆದಿಡಿ: ಯಾವ ರಚನೆ, ಯಾವ ಚಿತ್ರ, ಯಾವ ದಿನ. ಮುಂದೆ ಯಾವಾಗ ಬೇಕಾದರೂ ಅದನ್ನೇ ವಾಪಸ್ ಅಂಟಿಸಿದರೆ ಕ್ಯಾಮೆರಾ ಅದೇ ಜಾಗಕ್ಕೆ ಹೋಗಿ ಕೂರುತ್ತದೆ.

ಆ ಅಂಕಿಗಳನ್ನು ಓದಲು ಬಂದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಮೊದಲ ಒಂಬತ್ತು ತಿರುಗುವಿಕೆಯ ಮ್ಯಾಟ್ರಿಕ್ಸ್. ರಚನೆಯನ್ನು ಆಗತಾನೇ ತೆರೆದಾಗ ಅಲ್ಲಿ 1, 0, 0, ಕೆಳಗೆ 0, 1, 0, ಅದರ ಕೆಳಗೆ 0, 0, 1 ಇರುತ್ತದೆ, ಅಂದರೆ ಇನ್ನೂ ತಿರುಗಿಸಿಲ್ಲ. ಮುಂದಿನ ಮೂರು, ಕ್ಯಾಮೆರಾದಿಂದ ನೋಡಿದರೆ ತಿರುಗುವ ಕೇಂದ್ರ ಎಲ್ಲಿದೆ ಎಂಬುದು. ಅದರಲ್ಲಿ ಮೂರನೆಯದು ಮೈನಸ್ ಚಿಹ್ನೆಯ ದೊಡ್ಡ ಅಂಕಿ, ಅದೇ ದೂರ. 13ರಿಂದ 15ರವರೆಗಿನ ಮೂರು, ಅಣುವಿನೊಳಗೆ ಆ ಕೇಂದ್ರ ಎಲ್ಲಿದೆ ಎಂಬುದು. ಈಗ ಓರಿಯೆಂಟ್ ಮಾಡಿದ್ದರಿಂದ ಅದು ಹೀಮ್‌ನ ನಡುವೆ ಇದೆ. 16 ಮತ್ತು 17 ಮುಂದಿನ, ಹಿಂದಿನ ಕತ್ತರಿಕೆಗಳು, ಕ್ಯಾಮೆರಾದಿಂದ ಅಳೆದ ದೂರದಲ್ಲಿ; ಇವೆರಡರ ನಡುವೆ ಇರುವುದಷ್ಟೇ ಪರದೆಯಲ್ಲಿ ಕಾಣುತ್ತದೆ. ಕೊನೆಯದು ನೋಟದ ಅಗಲ, ಅದರ ಚಿಹ್ನೆ ಪರ್ಸ್‌ಪೆಕ್ಟಿವ್ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಕೈಯಿಂದಲೇ ದೂರ ಬದಲಿಸುವ ಚಪಲ ಬಂದರೆ 16, 17ನ್ನೂ ಅಷ್ಟೇ ಸರಿಸಿ, ಇಲ್ಲದಿದ್ದರೆ ಅಣು ಅರ್ಧ ಕತ್ತರಿಸಿಹೋಗುತ್ತದೆ.

ಈಗ ಬಣ್ಣದ ವಿಷಯ. ಲ್ಯಾಬಿನಲ್ಲಿ ಯಾರಾದರೂ "ಸೀನ್ ಎಫ್1, ಸ್ಟೋರ್ ಅಂತ ಹಾಕು, ಸಾಕು" ಎಂದು ಹೇಳಿಯೇ ಹೇಳುತ್ತಾರೆ. ಸುಳ್ಳಲ್ಲ, ಎಫ್1 ಒತ್ತಿದರೆ ಕೋನ ಬರುತ್ತದೆ. ಆದರೆ ಸೀನ್ ಕೋನದ ಜೊತೆ ಬಣ್ಣ, ಕಾರ್ಟೂನೋ ಸ್ಟಿಕ್ಕೋ ಎಂಬುದು, ಯಾವುದು ಆನ್ ಯಾವುದು ಆಫ್, ಎಲ್ಲವನ್ನೂ ಹೊತ್ತು ತರುತ್ತದೆ. ನೀವು ಅರ್ಧ ಗಂಟೆ ಕೂತು ಹೊಸ ಬಣ್ಣ ಹಚ್ಚಿ, ಕೋನಕ್ಕಾಗಿ ಎಫ್1 ಒತ್ತಿದಿರೋ, ಹಳೆಯ ಬಣ್ಣ ಬಂದು ಕೂತಿರುತ್ತದೆ. ನಿಮಗೆ ಬೇಕಿರುವುದು "ವ್ಯೂ ಹೀಮ್1, ಸ್ಟೋರ್". ಇದು ಕ್ಯಾಮೆರಾವನ್ನು ಮಾತ್ರ ನೆನಪಿಡುತ್ತದೆ, "ವ್ಯೂ ಹೀಮ್1, ರೀಕಾಲ್" ಅಂದರೆ ಬಣ್ಣ ಮುಟ್ಟದೆ ಕೋನ ಕೊಡುತ್ತದೆ. ಸೀನ್‌ನ ಜಾಗ ಬೇರೆ: ಸೆಮಿನಾರಿನಲ್ಲಿ ಪೇಜ್ ಡೌನ್ ಒತ್ತುತ್ತಾ ಒಂದರ ಹಿಂದೊಂದು ತೋರಿಸಲು ಅದಕ್ಕಿಂತ ಚೆನ್ನಾದದ್ದು ಇಲ್ಲ.

ಸೆಷನ್ ಫೈಲ್ ಉಳಿಸಿದರೆ ಇವೆಲ್ಲ ಅದರೊಳಗೇ ಹೋಗುತ್ತವೆ. ಆದರೂ ನಾನು ಅದೊಂದನ್ನೇ ನಂಬುವುದಿಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ ಸೆಷನ್ ಹಳೆಯ ಆವೃತ್ತಿಯ ಕಂಪ್ಯೂಟರಿನಲ್ಲಿ ಮುನಿಸಿಕೊಳ್ಳುವುದನ್ನು ನೋಡಿದ್ದೇನೆ. ಟೆಕ್ಸ್ಟ್ ಫೈಲಿನ 18 ಅಂಕಿ ಎಲ್ಲಿಯೂ ಮುನಿಸಿಕೊಂಡಿಲ್ಲ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಟರ್ನ್ ಮತ್ತು ರೊಟೇಟ್ ಒಂದೇ ಅಲ್ಲ. ಟರ್ನ್ ಅಂದರೆ ನೀವು ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಬಂದ ಹಾಗೆ, ಮೂರ್ತಿ ಇದ್ದಲ್ಲೇ ಇರುತ್ತದೆ. ರೊಟೇಟ್ ಅಂದರೆ ಮೂರ್ತಿಯನ್ನೇ ತಿರುಗಿಸಿದ ಹಾಗೆ, ಪರಮಾಣುಗಳ ನಿರ್ದೇಶಾಂಕಗಳೇ ಬದಲಾಗುತ್ತವೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬಹುದು, ಅದೇ ಅಪಾಯ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನಾನು ಚಿತ್ರಕ್ಕೆಂದು "ರೊಟೇಟ್ ವೈ, 90" ಕೊಟ್ಟು, ಅದೇ ಗುಂಗಿನಲ್ಲಿ ಪಿಡಿಬಿ ಫೈಲ್ ಉಳಿಸಿ, ವಾರದ ಮೇಲೆ ಅದನ್ನೇ ಡಾಕಿಂಗ್‌ಗೆ, ಅಂದರೆ ಒಂದು ಸಣ್ಣ ಅಣು (ಲಿಗ್ಯಾಂಡ್) ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆಂದು ಲೆಕ್ಕ ಹಾಕುವುದಕ್ಕೆ, ಕೊಟ್ಟೆ. ಅಣುವಿಗೆ ಜಾಗ ಹುಡುಕುವ ಬಾಕ್ಸ್‌ನ ನಿರ್ದೇಶಾಂಕಗಳು ಹಳೆಯವು, ಪ್ರೋಟೀನ್ ಬೇರೆ ಕಡೆ ಮುಖ ಮಾಡಿತ್ತು. ಸ್ಕೋರ್‌ಗಳೆಲ್ಲ ಸೊನ್ನೆಯ ಆಸುಪಾಸು. ಲಿಗ್ಯಾಂಡ್ ಬರೀ ಗಾಳಿಯಲ್ಲಿ ತೇಲುತ್ತಿದೆ ಎಂದು ತಿಳಿಯಲು ಮೂರು ದಿನ ಹಿಡಿಯಿತು. ಉಡುಪಿಯ ಕೃಷ್ಣ ಕನಕನಿಗಾಗಿ ತಿರುಗಿದ್ದು ಭಕ್ತಿಯ ಕಥೆ. ನಿಮ್ಮ ಪ್ರೋಟೀನ್ ತಿರುಗಿದರೆ ಪ್ರಾಜೆಕ್ಟಿನ ಕಥೆ ಮುಗಿಯಿತು.

ಇದೇ ಕಾರಣಕ್ಕೆ ಇನ್ನೊಂದು ಮಾತು. ಮುಂದೆ ನೀವು ಆಮ್ಲಜನಕ ಹಿಡಿದ ರಚನೆ 1ಎಚ್‌ಎಚ್‌ಒ ಪಕ್ಕದಲ್ಲಿಟ್ಟು ಹೋಲಿಸಬೇಕಾಗಿ ಬರುತ್ತದೆ, ಅದರಲ್ಲಿ ಕಬ್ಬಿಣ ಹೀಮ್‌ನ ಸಮತಲದ ಹತ್ತಿರಕ್ಕೆ ಸರಿದಿರುತ್ತದೆ. 4ಎಚ್‌ಎಚ್‌ಬಿಯ 18 ಅಂಕಿಯನ್ನು ಅದಕ್ಕೆ ಕೊಟ್ಟರೆ ಹೀಮ್ ಎಲ್ಲೋ, ಕ್ಯಾಮೆರಾ ಎಲ್ಲೋ ಆಗುತ್ತದೆ. ಬೇರೆ ಬೇರೆ ಹರಳಿನಿಂದ ಬಂದ ರಚನೆಗಳು, ಅವುಗಳ ನಿರ್ದೇಶಾಂಕಗಳ ಮೂಲ ಒಂದೇ ಅಲ್ಲ. ಮೊದಲು ಚೈನ್ ಎ ಮೇಲೆ ಚೈನ್ ಎ ಕೂರುವಂತೆ ಅಲೈನ್ ಮಾಡಿ, ಆಮೇಲೆ ಅದೇ ವ್ಯೂ ಎರಡಕ್ಕೂ ನಡೆಯುತ್ತದೆ.

ಆ 18ರಲ್ಲಿ ಇಲ್ಲದಿರುವುದು ಕಿಟಕಿಯ ಅಳತೆ. ಲ್ಯಾಪ್‌ಟಾಪಿನ ಅಗಲ ಪರದೆಯಲ್ಲಿ ಚೆನ್ನಾಗಿ ಕೂತ ಚಿತ್ರ, ಚೌಕ ಕಿಟಕಿಯಲ್ಲಿ ಬದಿಗೆ ಕತ್ತರಿಸಿಹೋಗುತ್ತದೆ. ಆದ್ದರಿಂದ "ವ್ಯೂಪೋರ್ಟ್ 800, 600" ಥರದ ಸಾಲನ್ನೂ, "ರೇ 2400, 1800" ಅನ್ನೂ ಅದೇ ಫೈಲಿನಲ್ಲಿ ಬರೆದಿಡಿ, ಅನುಪಾತ ಒಂದೇ ಇರಲಿ.

ಮೌಸ್‌ನ ಚಕ್ರ ತಿರುಗಿಸಿದರೆ ಪೈಮಾಲ್‌ನಲ್ಲಿ ಝೂಮ್ ಆಗುವುದಿಲ್ಲ, ಕತ್ತರಿಕೆಯ ದಪ್ಪ ಬದಲಾಗುತ್ತದೆ. ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳು ತಾಗಿದರೂ ಸಾಕು, ಅರ್ಧ ಪ್ರೋಟೀನ್ ಮಾಯ. ಹೊಸಬರು ಅಣು ಕಳೆದುಹೋಯಿತೆಂದು ಗಾಬರಿಯಾಗುವುದು ಇಲ್ಲೇ. "ಕ್ಲಿಪ್ ಸ್ಲ್ಯಾಬ್, 100" ಅಂದರೆ ಕೋನ ಕೆಡದೆ ಅಣು ವಾಪಸ್ ಬರುತ್ತದೆ. ಹಿಂಭಾಗ ಮಂಜಿನಲ್ಲಿ ಕರಗಿದಂತೆ ಕಾಣುವ ಮಬ್ಬು ಕೂಡ ಈ ಕತ್ತರಿಕೆಗಳನ್ನೇ ಆಧರಿಸುತ್ತದೆ. ಒಂದೇ ಕೋನದ ಎರಡು ಚಿತ್ರಗಳಲ್ಲಿ ಒಂದು ಪೇಲವವಾಗಿ ಬಂದರೆ 16, 17ನೇ ಅಂಕಿಗಳನ್ನು ಹೋಲಿಸಿ ನೋಡಿ.

ಪೈಮಾಲ್ ಥರದ್ದೇ ಬೇರೆ ಸಾಫ್ಟ್‌ವೇರ್ ಬಳಸುವವರಿಗೆ: ಕೈಮೆರಾಎಕ್ಸ್‌ನಲ್ಲಿ ಇದೇ ಕೆಲಸಕ್ಕೆ "ವ್ಯೂ ನೇಮ್ ಪಿ1", ವಾಪಸ್ ಬರಲು "ವ್ಯೂ ಪಿ1". ಅಲ್ಲಿ ಕ್ಯಾಮೆರಾ ಜೊತೆಗೆ ಮಾದರಿಗಳ ಸ್ಥಾನವೂ ಉಳಿಯುತ್ತದೆ ಎಂಬುದು ನೆನಪಿರಲಿ. ವಿಎಂಡಿಯಲ್ಲಿ ಫೈಲ್ ಮೆನುವಿನ ಸೇವ್ ವಿಶುವಲೈಸೇಷನ್ ಸ್ಟೇಟ್ ಸಾಕು.

ಗೈಡ್ ಮುಂದಿನ ಸಲ "ಚೂರು ಎಡಕ್ಕೆ ತಿರುಗಿಸಿ ನೋಡೋಣ" ಅಂದೇ ಅನ್ನುತ್ತಾರೆ. ಆಗ "ಟರ್ನ್ ವೈ, 5" ಕೊಟ್ಟು, ಹೊಸ 18 ಅಂಕಿಯನ್ನು ಹಳೆಯದರ ಕೆಳಗೆ ಅಂಟಿಸಿ, ಹಳೆಯದನ್ನು ಅಳಿಸಬೇಡಿ. ಸಂಜೆಯೊಳಗೆ "ಮೊದಲಿನದೇ ಚೆನ್ನಾಗಿತ್ತು" ಎಂಬ ಮೆಸೇಜ್ ಬರುತ್ತದೆ.