ಅಮೆರಿಕದ ಜಾರ್ಜಿಯಾದಲ್ಲಿರುವ ಲೇನಿಯರ್ ಕೆರೆಗೆ ಇಬ್ಬರು ಮಕ್ಕಳ ಜೊತೆ ಕ್ಯಾಂಪಿಂಗ್ ಹೋಗುವಾಗ ಪಿಸ್ತೂಲು ಸೊಂಟದಲ್ಲಿರಲೋ, ಬ್ಯಾಗಿನಲ್ಲೋ? ಜಾರ್ಜಿಯಾದ ಬಂದೂಕು ಲೈಸೆನ್ಸ್ ಇದೆ, ಗ್ರೀನ್ ಕಾರ್ಡ್ ಇದೆ. ಅಲ್ಲಿನ ಬಂದೂಕು ನಿಷೇಧದ ನಿಯಮವನ್ನು ಕೋರ್ಟು ಹೊಡೆದುಹಾಕಿದೆ ಅಂತ ಗೆಳೆಯರು ಹೇಳುತ್ತಾರೆ

ಎರಡರಲ್ಲೂ ಬೇಡ. ಮನೆಯಲ್ಲಿ ಬೀಗ ಹಾಕಿಟ್ಟು ಹೋಗಿ. ನಿಮ್ಮ ಪ್ರಶ್ನೆ ಓದಿ 2018ರ ಜುಲೈ ಕಣ್ಣ ಮುಂದೆ ಬಂತು. ನಂದೂ ಅದೇ ಜಾರ್ಜಿಯಾ, ಅದೇ ಗ್ರೀನ್ ಕಾರ್ಡ್, ಅದೇ ಧೈರ್ಯ.

ನಾನು ಕೊಡಗಿನವನು. ಕೈಲ್‌ಪೋಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡೋ ಮನೆಯಲ್ಲಿ ಬೆಳೆದವನಿಗೆ ಬಂದೂಕು ಹೊಸದಲ್ಲ. ಆದರೂ ಇಲ್ಲಿ ಎಚ್-1ಬಿ ವೀಸಾದಲ್ಲಿ ಇರುವಷ್ಟು ವರ್ಷ ಮುಟ್ಟಲಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲಿ ಲೈಸೆನ್ಸ್ ಮಾಡಿಸಿ ಒಂದು 9 ಎಂಎಂ ಪಿಸ್ತೂಲು ತಗೊಂಡೆ. ಬ್ಯುಫೋರ್ಡ್ ಅಣೆಕಟ್ಟಿನ ಕೆಳಗೆ, ಚಟ್ಟಹೂಚಿ ನದಿಯಲ್ಲಿ ಟ್ರೌಟ್ ಹಿಡಿಯೋಕೆ ಹೋದಾಗೆಲ್ಲ ಅದು ಸೊಂಟದಲ್ಲೇ ಇರುತ್ತಿತ್ತು. ಅಲ್ಲಿ ಅದು ತಪ್ಪಲ್ಲ. ನಾನು ಗಾಳ ಹಾಕುತ್ತಿದ್ದ ದಡ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು. 2010ರ ಫೆಬ್ರವರಿ 22ರಿಂದ ಅಂಥ ಕಡೆ ರಾಜ್ಯದ ಕಾನೂನು ಒಪ್ಪಿದರೆ ಬಂದೂಕು ಇಟ್ಟುಕೊಳ್ಳಬಹುದು, ಸರ್ಕಾರಿ ಕಟ್ಟಡದ ಒಳಗೆ ಮಾತ್ರ ಕೂಡದು.

ನಾನು ಎಡವಿದ್ದು ಇಲ್ಲೇ, ಇದನ್ನು ನಿಧಾನವಾಗಿ ಓದಿ. ಪಾರ್ಕ್ ಸರ್ವಿಸ್ ಜಾಗದಲ್ಲಿ ನಡೆದದ್ದು ಕೇಂದ್ರ ಸರ್ಕಾರದ ಎಲ್ಲ ಜಾಗದಲ್ಲೂ ನಡೆಯುತ್ತೆ ಅಂದುಕೊಂಡೆ. ಆ ಅಣೆಕಟ್ಟು ಕಟ್ಟಿ ಅದರ ಹಿಂದಿನ ಲೇನಿಯರ್ ಕೆರೆ ನಡೆಸುವುದು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ (ಕೋರ್). ಅದು ಸೇನೆಯ ಕೆಳಗೆ ಬರುತ್ತೆ, ಪಾರ್ಕ್ ಸರ್ವಿಸ್ ಇಂಟೀರಿಯರ್ ಇಲಾಖೆಯ ಕೆಳಗೆ. 2010ರ ಸಡಿಲಿಕೆಯಲ್ಲಿ ಪಾರ್ಕುಗಳೂ ವನ್ಯಜೀವಿ ಧಾಮಗಳೂ ಇದ್ದವು, ಕೋರ್ ಇರಲಿಲ್ಲ. ಅವರ ನಿಯಮ 327.13ರ ಪ್ರಕಾರ ಲೋಡ್ ಆದ ಬಂದೂಕಷ್ಟೇ ಅಲ್ಲ, ಗುಂಡು ಇಟ್ಟುಕೊಳ್ಳುವುದೂ ನಿಷಿದ್ಧ. ಪೊಲೀಸರು, ಅನುಮತಿ ಇರುವ ಬೇಟೆ, ಶೂಟಿಂಗ್ ರೇಂಜ್, ಇಲ್ಲವೇ ಡಿಸ್ಟ್ರಿಕ್ಟ್ ಕಮಾಂಡರ್ ಕೊಟ್ಟ ಲಿಖಿತ ಅನುಮತಿ, ಇಷ್ಟಕ್ಕೇ ವಿನಾಯಿತಿ. ನೀರು ಅದೇ, ಮೀನು ಅದೇ, ದಡದ ಯಜಮಾನ ಬೇರೆ. ನನ್ನ ಲೈಸೆನ್ಸ್ ರಾಜ್ಯದ್ದು. ಆ ದಡದ ಮಟ್ಟಿಗೆ ಅದು ಇದ್ದೂ ಇಲ್ಲದ ಹಾಗೆ.

ಕೋರ್‌ನದೇ ಇನ್ನೊಂದು ಕೆರೆಗೆ ಸಂಸಾರ ಸಮೇತ ಹೋಗಿದ್ದೆವು. ಐಸ್ ಬಾಕ್ಸಿನಿಂದ ಕಲ್ಲಂಗಡಿ ಎತ್ತೋಕೆ ಬಗ್ಗಿದೆ, ಅಂಗಿ ಮೇಲೆ ಸರಿಯಿತು. ಕಾರು ಹುಲ್ಲಿನ ಮೇಲೆ ನಿಲ್ಲಿಸಬೇಡಿ ಅಂತ ಹೇಳೋಕೆ ಬರುತ್ತಿದ್ದ ರೇಂಜರ್ ಹತ್ತಡಿ ದೂರದಲ್ಲೇ ನಿಂತುಬಿಟ್ಟರು. ಅವರ ಸೊಂಟದಲ್ಲಿ ಇದ್ದದ್ದು ಒಂದು ರೇಡಿಯೋ ಅಷ್ಟೇ. ಕೋರ್ ರೇಂಜರುಗಳ ಹತ್ತಿರ ಬಂದೂಕಿರುವುದಿಲ್ಲ. ನನ್ನ ಮಗಳು ಕಲ್ಲಂಗಡಿ ಹೋಳಿಗೆ ಕೈ ಚಾಚಿಕೊಂಡೇ ನಿಂತಿದ್ದಳು.

ದಂಡದ ಚೀಟಿ ಬರೆದುಕೊಟ್ಟರು. ಟ್ರಾಫಿಕ್ ದಂಡದ ಹಾಗೆ ಕಟ್ಟಿ ಮುಗಿಸೋಣ ಅಂತ ಚೆಕ್ ಕೂಡ ಬರೆದಿದ್ದೆ. ನಮ್ಮ ಮನೆಯವಳು ತಡೆದಳು. ವಕೀಲರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. 5,000 ಡಾಲರ್ ದಂಡ, ಆರು ತಿಂಗಳ ಜೈಲು ಅಂತ ನಿಯಮದಲ್ಲಿರುವ ಗರಿಷ್ಠ ಶಿಕ್ಷೆ ಹಾಗಿರಲಿ, ಪೌರತ್ವ ಇಲ್ಲದವರಿಗೆ ಬಂದೂಕಿನ ಅಪರಾಧ ಸಾಬೀತಾದರೆ ಅದೇ ಗಡೀಪಾರಿಗೆ ಆಧಾರ ಆಗಬಹುದು. ಮ್ಯಾಜಿಸ್ಟ್ರೇಟ್ ಮುಂದೆ ಹೋದೆವು, ಕೊನೆಗೆ ಸರ್ಕಾರದ ಕಡೆಯವರು ಪ್ರಕರಣ ಕೈಬಿಟ್ಟರು. ಆದರೂ ಪೌರತ್ವದ ಎನ್-400 ಅರ್ಜಿಯಲ್ಲಿ ಆ ಚೀಟಿಯ ವಿಷಯ ಬರೆದು ವಿವರಿಸಬೇಕಾಯಿತು. ಎರಡು ವರ್ಷ ರಾತ್ರಿ ಸರಿಯಾಗಿ ನಿದ್ದೆ ಇಲ್ಲ.

"ಕೋರ್ಟು ಈ ನಿಯಮ ಹೊಡೆದುಹಾಕಿದೆ" ಅಂತ ಗೆಳೆಯರು ಹೇಳಿದರು ಅಂದಿದ್ದೀರಿ. ಅದು 2014ರಲ್ಲಿ ಐಡಾಹೊ ರಾಜ್ಯದಲ್ಲಿ ಬಂದ ತೀರ್ಪು, ನಮಗೆ ಅನ್ವಯಿಸಲ್ಲ. ನಮ್ಮ ಜಾರ್ಜಿಯಾದ ಅಲಟೂನಾ ಕೆರೆಯ ಮೊಕದ್ದಮೆಯಲ್ಲಿ 2015ರಲ್ಲಿ ಮೇಲ್ಮನವಿ ಕೋರ್ಟು ಈ ನಿಯಮಕ್ಕೆ ತಡೆಯಾಜ್ಞೆ ಕೊಡಲಿಲ್ಲ. 2022ರಲ್ಲಿ ರಾಜ್ಯ ಲೈಸೆನ್ಸೇ ಬೇಡ ಅಂದಿತು, ನಿಜ. ಅದೂ ರಾಜ್ಯದ ಮಾತೇ.

ಸೊಂಟವೋ ಬ್ಯಾಗೋ ಅನ್ನುವುದೇ ತಪ್ಪು ಪ್ರಶ್ನೆ. ನೀವು ಕಾಲಿಡುವ ದಡ ಯಾರದು ಅಂತ ಕೇಳಿ. ಹೊರಡುವ ಮುಂಚೆ ಆ ಕೆರೆಯ ಪ್ರಾಜೆಕ್ಟ್ ಆಫೀಸಿಗೆ ಫೋನ್ ಮಾಡಿ, ಅವತ್ತಿನ ನಿಯಮ ಅವರ ಬಾಯಿಂದಲೇ ಕೇಳಿ. ಮತ್ತೆ, ಲೇನಿಯರ್‌ನಲ್ಲಿ ನಿಮ್ಮ ಮಕ್ಕಳಿಗೆ ಅಪಾಯ ಕಳ್ಳರಿಂದಲ್ಲ, ನೀರಿನಿಂದ. ಪಿಸ್ತೂಲು ಇಡಬೇಕು ಅಂದುಕೊಂಡ ಜಾಗದಲ್ಲಿ ಇಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇಡಿ, ಗುಂಡಿ ಹಾಕಿ ಎಳೆದು ನೋಡಿಯೇ ನೀರಿಗೆ ಬಿಡಿ.